ಐದು ಹೆಜ್ಜೆ ಹಿಂದೆ

ಪುರ್ತಗೇರಿಯಿಂದ ಬಂದ ಹೆಣ್ಣುಮಗಳು ನಮ್ಮ ಕಟ್ಟೆಯ ಮೇಲೆ ಕೂತು ಮೊದಲು ನೀರು ಕುಡಿದಳು, ಆಮೇಲೆ ಸುದ್ದಿ ಹೇಳಿದಳು.

"ನಿಮ್ಮ ಪೈಲವಾನ ಹ್ವಾದ್ರಿ, ಅಕ್ಕೋರ. ಗ್ವಾಡಿಗೆ ಆತುಕೊಂಡು ಕುಂತಿದ್ದ. ಎಂದಿನಂಗ ಹಾದಿ ಕಾಯಾಕತ್ತಾನ ಅಂತ ನಾವು ತಿಳಕೊಂಡ್ವಿ. ಮರುದಿನ ಮುಂಜಾನಿ ನೋಡಿದ್ರ ಹಂಗ ಅದಾನ."

ನಿಮ್ಮ ಪೈಲವಾನ ಎಂದಳಲ್ಲ, ಆ ಮಾತು ನನಗೆ ಚುಚ್ಚಿತು. ಆತ ಯಾರವನೂ ಆಗಿರಲಿಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸತ್ತ ಮೇಲೆ ಒಂದು ಹಗಲು ಒಂದು ರಾತ್ರಿ ಹಾಗೇ ಕೂತಿದ್ದರೂ ಯಾರಿಗೂ ಗೊತ್ತಾಗದಷ್ಟು ಒಂಟಿಯಾಗಿದ್ದ ಮನುಷ್ಯ. ಅವನ ಸುದ್ದಿಯನ್ನು ಯಾರಿಗಾದರೂ ಮುಟ್ಟಿಸಬೇಕಲ್ಲ ಎಂದು ಯೋಚಿಸಿದವರಿಗೆ ಹೊಳೆದದ್ದು ಗಜೇಂದ್ರಗಡದ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಅಕ್ಕೋರು, ನಾನು ಮಾತ್ರ.

ದಿನಾ ಹಾಜರಿ ಕರೆದು ಹೊಟ್ಟೆ ಹೊರೆಯುವವಳು ನಾನು. ಹೆಸರು ಹೇಳದೆ ಒಬ್ಬನ ಬಗ್ಗೆ ಬರೆಯುವುದೆಂದರೆ ನನಗೆ ಬಹಳ ಇರುಸುಮುರುಸು. ಆದರೆ ಹೆಸರು ಬೇಡವೆಂದವನು ಆತನೇ. ಬಂದ ಮೊದಲ ದಿನ ನಮ್ಮವ್ವ, "ಏನಂತ ಕರೀಬೇಕಪಾ ನಿನ್ನ?" ಎಂದು ಕೇಳಿದಳು.

"ಕರೀಬ್ಯಾಡ್ರಿ ಯವ್ವಾ. ಕರದ್ರ ಅಕ್ಕೋರು ಹೊಳ್ಳಿ ನೋಡತಾರ. ಅವರು ಹೊಳ್ಳಿ ನೋಡಿದ್ರ ನಾ ಎಲ್ಲದೀನಿ ಅನ್ನೂದು ಮಂದಿಗೆ ಗೊತ್ತಾಕ್ಕೈತಿ. ನಾ ಹಿಂದ ಇರ್ತೀನಿ. ಅದಾನ ಅಂತ ತಿಳಕೊಂಡ್ರ ಸಾಕು."

ನಾನು ಕಾಕಾ ಎನ್ನುತ್ತಿದ್ದೆ, ಅದೂ ಹೊಸ್ತಿಲೊಳಗೆ ಮಾತ್ರ.

ಆತ ಯಾಕೆ ಬಂದನೆಂಬುದನ್ನು ಹೇಳಿಬಿಡುತ್ತೇನೆ. ಆಗ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಒಂದು ಆಷಾಢದಲ್ಲಿ ಸೂಡಿಗೆ ಹೋಗಿ ಹೊರಳಿ ಬರುವಾಗ ಬಸ್ಸಿಗಾಗಿ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಪಕ್ಕದಲ್ಲಿ ನಮ್ಮೂರ ಹತ್ತಿ ಜಿನ್ನಿನಲ್ಲಿ ತೂಕ ಮಾಡುವ ಹುಡುಗನೊಬ್ಬ ನಿಂತಿದ್ದ. ಧಣಿಯ ತಕ್ಕಡಿ ಸುಳ್ಳು ಹೇಳುತ್ತದೆ ಎಂದು ರೈತರ ಮುಂದೆ ಬಾಯಿ ಬಿಟ್ಟಿದ್ದನಂತೆ. ಧಣಿಯ ಅಕ್ಕನ ಮಗ ಸೈಕಲ್ ಮೇಲೆ ಬಂದ, ಇಳಿದ, ಸೈಕಲ್ಲನ್ನು ಸಾವಕಾಶ ಗಿಡಕ್ಕೆ ಆನಿಸಿದ, ಕೊಡಲಿ ತೆಗೆದ. ನನ್ನಿಂದ ಮೂರು ಮಾರು ದೂರದಲ್ಲಿ ಎಲ್ಲವೂ ನಡೆದುಹೋಯಿತು, ಹುಡುಗ ಅಲ್ಲೇ ಸತ್ತ.

ನಾವು ನಾಲ್ವರು ಕಂಡಿದ್ದೆವು. ಇಬ್ಬರು ರೈತರು ತಾವು ಆ ಹೊತ್ತಿಗೆ ಹೊಲದಲ್ಲಿದ್ದೆವು ಎಂದುಬಿಟ್ಟರು. ಚಹಾ ಅಂಗಡಿಯವನು ಖರೆ ಹೇಳಿದ. ಒಂದು ವಾರಕ್ಕೆ ಜಕ್ಕಲಿ ಹಾದಿಯ ಬಾವಿಯಲ್ಲಿ ಅವನ ಹೆಣ ಸಿಕ್ಕಿತು, ಚಲೋ ಈಸು ಬರುತ್ತಿದ್ದ ಮನುಷ್ಯ. ಉಳಿದವಳು ನಾನು. ಕಂಡದ್ದನ್ನು ಕಂಡ ಹಾಗೆ ಹೇಳಿ ಎಂದು ಹುಡುಗಿಯರ ಕಿವಿ ಹಿಂಡುವವಳಿಗೆ ಸುಮ್ಮನಿರುವುದು ಹೊಳೆಯಲೇ ಇಲ್ಲ, ಪೊಲೀಸರ ಮುಂದೆ ಎಲ್ಲ ಹೇಳಿ ಸಹಿ ಹಾಕಿದ್ದೆ. ಅದನ್ನೇ ದೀಪಾವಳಿಯ ನಂತರ ಧಾರವಾಡದ ಕೋರ್ಟಿನಲ್ಲಿ ನಿಂತು ಹೇಳಬೇಕಿತ್ತು. ಅಲ್ಲಿಯ ತನಕ ನಾನು ಜೀವಂತ ಇರಬೇಕಿತ್ತು. ರೋಣದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವ ಆಷಾಢ ಮುಗಿಯುವ ಮೊದಲೇ ಒಂದು ಮುಂಜಾನೆ ಆತನನ್ನು ಕರೆದುಕೊಂಡು ಬಂದ.

ಪೈಲವಾನನೆಂದರೆ ಬಾಗಿಲಲ್ಲಿ ಬಗ್ಗಿ ಒಳಗೆ ಬರಬೇಕು ಎಂದುಕೊಂಡಿದ್ದೆ. ಬಂದವನು ನನಗಿಂತ ನಾಲ್ಕು ಬೆರಳು ಎತ್ತರ. ನಡುವಯಸ್ಸು ದಾಟಿತ್ತು. ಗರಡಿಮನೆಯಲ್ಲಿ ಜಜ್ಜಿ ಹೋದ ಕಿವಿಗಳು, ಮೊಣಕಾಲಿನ ತನಕ ಧೋತರ, ಮಾಸಿದ ಖಾಕಿ ಕೋಟು, ಹಿತ್ತಾಳೆ ತಂತಿ ಸುತ್ತಿದ ಬಡಿಗೆ. ಗದಗಿನ ಪೇಟೆಯಿಂದ ರೋಣಕ್ಕೆ, ನರಗುಂದಕ್ಕೆ ರೊಕ್ಕ ಒಯ್ಯುವ ಹತ್ತಿ ವ್ಯಾಪಾರಿಗಳ ಬೆನ್ನಿಗೆ ಇಪ್ಪತ್ತು ವರ್ಷ ನಡೆದವನು. ಆತನ ಕೆಲಸಕ್ಕೆ ಪುಸ್ತಕದಲ್ಲಿ ಬೆಂಗಾವಲು ಎನ್ನುತ್ತಾರೆ. ಅವನನ್ನು ಕೇಳಿದರೆ, "ಹಿಂದ ನಡಿಯೂದು" ಎನ್ನುತ್ತಿದ್ದ.

ಸರಿಯಾಗಿ ಐದು ಹೆಜ್ಜೆ ಹಿಂದೆ. ನಾಲ್ಕಾದರೆ ನನಗೆ ತಾಕುತ್ತಾನೆ, ಆರಾದರೆ ಮುಟ್ಟಲಿಕ್ಕೆ ತಡವಾಗುತ್ತದೆ. ಆತನ ಚಪ್ಪಲಿ ಕಿರಗುಟ್ಟುತ್ತಿತ್ತು. ಸಪ್ಪಳ ಮಾಡುವ ಚಪ್ಪಲಿ ಹಾಕಿಕೊಂಡು ಇದೆಂಥ ಕಾವಲು ಎಂದು ನಾನು ಮೂಗು ಮುರಿದೆ.

"ನಿಮ್ಮ ಸಲುವಾಗೇ ಎಣ್ಣಿ ಹಚ್ಚಿಲ್ರಿ," ಎಂದ. "ಸಪ್ಪಳ ಬರೂ ತನಕ ನೀವು ನಡೀರಿ. ನಿಂತ್ರ ನಿಂದರ್ರಿ. ಹೊಳ್ಳಿ ಮಾತ್ರ ನೋಡಬ್ಯಾಡ್ರಿ. ಹೊಳ್ಳಿ ನೋಡೂ ಕೆಲಸ ನಂದು."

ಹತ್ತು ಹೆಜ್ಜೆಗೊಮ್ಮೆ ಆತ ಹೊಳ್ಳಿ ನೋಡುತ್ತಿದ್ದನೆಂದು ಸಾಲೆಯ ಹುಡುಗಿಯರು ಎಣಿಸಿ ಹೇಳಿದರು. ಒಬ್ಬಳು ಆತನಂತೆ ನಡೆದು ತೋರಿಸಿ ನನ್ನಿಂದ ಬೈಸಿಕೊಂಡಳು. ಬೈದೆನೇನೋ ಖರೆ, ನಗುವೂ ಬಂದಿತ್ತು.

ನನ್ನ ದಿನಚರಿಯನ್ನೆಲ್ಲ ಆತ ಕೆಡಿಸಿದ. ಸಾಲೆಗೆ ದಿನಾ ಬೇರೆ ಓಣಿ. ಹುಟ್ಟಿದ ಊರಿನಲ್ಲಿ ನಾನು ನೋಡದ ಸಂದಿಗೊಂದಿಗಳು ಎಷ್ಟಿದ್ದವೆಂದು ಆ ನಾಲ್ಕು ತಿಂಗಳಲ್ಲಿ ಗೊತ್ತಾಯಿತು. ಸಂತೆಗೆ ಹೋಗುವಂತಿಲ್ಲ. ಬಾವಿಗೆ ಇಣುಕುವಂತಿಲ್ಲ. ಹೊಸಬರು ಬಂದರೆ ಆತ ಅವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಒಂದು ಮಧ್ಯಾಹ್ನ ಒಬ್ಬ ಗೃಹಸ್ಥ ಸಾಲೆಗೆ ಬಂದು, ಮಗಳ ಹೆಸರು ಹಚ್ಚಬೇಕು, ನಾವು ಇಲ್ಲೇ ಗುಡ್ಡದ ಬುಡದವರು ಎಂದ. ನಾನು ಖುಷಿಯಿಂದ ಪಟ್ಟಿ ತೆಗೆದೆ. ಚಪ್ಪಲಿಯ ಸಪ್ಪಳ ಬಾಗಿಲ ತನಕ ಬಂತು.

"ಗುಡ್ಡದ ಬುಡದಾಗ ಎಲ್ಲಾ ಕೆಂಪು ಮಣ್ಣ ಐತಲ್ರಿ ಸಾವಕಾರ್ರ," ಎಂದ ಆತ ಮೆತ್ತಗೆ. "ನಿಮ್ಮ ಹಿಮ್ಮಡಕ್ಕ ಕರೀ ಎರಿ ಮಣ್ಣು ಹತ್ತೇತಿ. ಹಸೀದು ಐತಿ."

ಆ ಗೃಹಸ್ಥ ಮಗಳ ಹೆಸರನ್ನು ಅಲ್ಲೇ ಬಿಟ್ಟು ಎದ್ದು ಹೋದ. ಅವನು ಕೂತಿದ್ದ ಬಾಕಿನ ಮೇಲೆ ಒಂದು ಕೈವಸ್ತ್ರ ಉಳಿಯಿತು. ಬಿಚ್ಚಿದರೆ ಗೇಣುದ್ದದ ಚೂರಿ. ಆ ದಿನ ನಾನು ಹಲಗೆಯ ಮೇಲೆ ಒಂದಕ್ಷರ ಬರೆಯಲಿಲ್ಲ.

ಊರು ನನ್ನಿಂದ ಒಂದು ಓಣಿಯಷ್ಟು ದೂರ ಸರಿದಿತ್ತು. ಮೊದಲು ಸಂಜೆಗೆ ಗುಡಿಗೆ ಜೊತೆಯಾಗುತ್ತಿದ್ದ ಗೆಳತಿಗೆ ಆಮೇಲೆ ದಿನಾ ಏನಾದರೊಂದು ಕೆಲಸ. ಮದುವೆಯಾಗದ ಹೆಣ್ಣು, ಹಿಂದೆ ಒಬ್ಬ ಗಂಡಸು, ಅಂದಮೇಲೆ ಆಡುವವರ ಬಾಯಿ ಕಟ್ಟುವವರಾರು. ಇತ್ತ ಐದು ಹೆಜ್ಜೆ ಹಿಂದೆ ಇರುವವನ ಜೊತೆ ಮಾತಾಡುವಂತೆಯೂ ಇಲ್ಲ. ಒಂದೇ ಹಾದಿಯಲ್ಲಿ ನಾವಿಬ್ಬರೂ ಒಬ್ಬೊಬ್ಬರೇ ನಡೆಯುತ್ತಿದ್ದೆವು. ಆ ಕಿರಗುಟ್ಟುವ ಸಪ್ಪಳವೊಂದೇ ನನಗೆ ಬಳಗವಾಗಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ.

ಅವ್ವನಿಗೆ ಆತನ ಮೇಲಿದ್ದ ಸಿಟ್ಟು ಊಟದ ಸಲುವಾಗಿ. ಆತ ನಮ್ಮ ಮನೆಯಲ್ಲಿ ಹನಿ ನೀರು ಮುಟ್ಟುತ್ತಿರಲಿಲ್ಲ. ಊರ ಬಾವಿಯಿಂದ ತನ್ನ ಹಗ್ಗ, ತನ್ನ ತಂಬಿಗೆಯಲ್ಲಿ ಸೇದಿ ಕುಡಿಯುತ್ತಿದ್ದ. ಅಮಾವಾಸ್ಯೆಗೊಮ್ಮೆ ಮಾವನ ಅಂಗಡಿಯ ಆಳು ಬಂದು ಕಾವಲು ಕೂತಾಗ ತನ್ನೂರು ಪುರ್ತಗೇರಿಗೆ ಹೋಗಿ, ತಾನೇ ಬಡಿದ ಖಡಕ್ ರೊಟ್ಟಿಯ ಗಂಟು ತರುತ್ತಿದ್ದ. ಅದನ್ನು ಗುರೆಳ್ಳು ಪುಡಿ, ಉಳ್ಳಾಗಡ್ಡಿ ಕೂಡಿಸಿಕೊಂಡು ಹಿತ್ತಲ ಗೋಡೆಗೆ ಬೆನ್ನು ಹಚ್ಚಿ ತಿನ್ನುತ್ತಿದ್ದ. ಪಂಚಮಿಯ ದಿನ ಅವ್ವ ಉಂಡಿಗಳ ತಾಟು ಹಿಡಿದು ಎದುರಿಗೆ ನಿಂತೇಬಿಟ್ಟಳು. "ನಮ್ಮ ಮನಿ ಅನ್ನಕ್ಕ ಏನ ಹತ್ತೇತೋ?"

"ಅನ್ನಕ್ಕ ಏನೂ ಇಲ್ರಿ ಯವ್ವಾ. ನನಗ ಹತ್ತೇತಿ."

ಆಮೇಲೆ ಹೇಳಿದ. ಆತ ಒಮ್ಮೆಗೆ ಅಷ್ಟು ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಬಹಳ ಹಿಂದೆ ನರಗುಂದದ ಒಬ್ಬ ವ್ಯಾಪಾರಿಯ ಬೆನ್ನಿಗಿದ್ದ. ಹಾದಿಯಲ್ಲಿ ಅಡ್ಡಗಟ್ಟಿದವರಲ್ಲಿ ಮುಂದಿದ್ದವನ ಮುಖದ ಮೇಲಿನ ಅರಿವೆ ಜಾರಿತು. ಎರಡು ದಿನದ ಹಿಂದೆ ಅವನ ತಂಗಿಯ ಮದುವೆಯಲ್ಲಿ ಇವನು ಉಂಡಿದ್ದ. ಅವನೇ ಒತ್ತಾಯ ಮಾಡಿ ಹೋಳಿಗೆ ನೀಡಿದ್ದ. "ಬಡಿಗಿ ಎತ್ತಿದ್ದೆ. ಅವನ ಮನಿ ಉಪ್ಪು ನೆಪ್ಪಾತು. ಕೈ ಒಂದ ಗಳಿಗಿ ನಿಂತಿತ್ರಿ. ಅಷ್ಟರಾಗ ನಮ್ಮ ಸಾವಕಾರನ ಕತಿ ಮುಗಿದಿತ್ತು. ಯಾರ ಮ್ಯಾಲ ಕೈ ಎತ್ತೂ ಪ್ರಸಂಗ ಬರತೈತೋ ಯಾರಿಗೊತ್ತು. ಅದಕ್ಕ ಯಾರ ಮನ್ಯಾಗೂ ಉಣ್ಣೂದು ಬಿಟ್ಟೆ."

ಮದುವೆ, ಮುಂಜಿವೆ, ಜಾತ್ರೆ ಯಾವುದಕ್ಕೂ ಆತ ಹೋಗುತ್ತಿರಲಿಲ್ಲ. ಉಣ್ಣದವನನ್ನು ಮಂದಿ ಕರೆಯುವುದನ್ನೂ ಬಿಟ್ಟಿದ್ದರು. ಉಪ್ಪಿನ ಋಣ ಎಂದರೆ ನಾವೆಲ್ಲ ಬಾಯಿಮಾತಿಗೆ ಹೇಳುತ್ತೇವೆ. ಆತ ಅದನ್ನು ಪೂರಾ ನಂಬಿದ್ದ, ನಂಬಿದ್ದರಿಂದಲೇ ಅದರ ಹತ್ತಿರ ಹೋಗದೆ ಬದುಕಿದ್ದ. ಅವ್ವ ತಾಟು ಹಿಡಿದು ಒಳಗೆ ಬಂದು ಸುಮ್ಮನೆ ಅತ್ತಳು.

ದಸರೆ ಬಂತು. ನಮ್ಮ ಕಡೆ ಬನ್ನಿಯ ಹಬ್ಬ ಎಂಥದ್ದೆಂದು ಗೊತ್ತಿದ್ದವರಿಗೆ ಗೊತ್ತು. ಸಂಜೆ ಬನ್ನಿ ಎಲೆ ಹಿಡಿದು ಊರಿಗೆ ಊರೇ ಮನೆ ಮನೆ ತಿರುಗುತ್ತದೆ. "ಬನ್ನಿ ತೊಗೊಂಡು ಬಂಗಾರದಂಗ ಇರೋಣ" ಎಂದು ಕೊಟ್ಟು ತೆಗೆದುಕೊಳ್ಳುತ್ತಾರೆ. ಯಾರ ಕೈಯಿಂದ ಬಂದರೂ ಬೇಡ ಎನ್ನುವಂತಿಲ್ಲ. ಕೊಟ್ಟು ತೆಗೆದುಕೊಂಡ ಮೇಲೆ ಕೊಟ್ಟ ಮನೆಗೂ ತೆಗೆದುಕೊಂಡವನಿಗೂ ಜಗಳ ಮುಗಿದಂತೆ. ಮತ್ತೆ ವೈರ ಸಾಧಿಸಿದವನು ಊರಿಗೇ ಎರವಾಗುತ್ತಾನೆ.

ಆ ಸಂಜೆ ಆತ ನನ್ನ ಹಿಂದೆಯೇ ಬಾಗಿಲ ಮರೆಗೆ ನಿಂತು ಬಂದುಹೋಗುವವರ ಕೈ ನೋಡುತ್ತಿದ್ದ. ನಮ್ಮ ಓಣಿಯವರೆಲ್ಲ ಅಂದು ಮಾತ್ರ ಹಬ್ಬಕ್ಕೆ ಹೆದರಿ ನಮ್ಮ ಮನೆಗೂ ಬಂದರು. ನಾನು ಎಲ್ಲರಿಗೂ ಬನ್ನಿ ಕೊಟ್ಟೆ. ನೀರು ತರುವವಳಿಗೆ, ಅಗಸರವಳಿಗೆ, ತಾಯಿಯ ಕಂಕುಳಲ್ಲಿದ್ದ ಕೂಸಿಗೂ ಒಂದೆಲೆ ಕೊಟ್ಟೆ.

ದೀಪ ಹಚ್ಚುವ ಹೊತ್ತಿಗೆ ಜಿನ್ನಿನ ಧಣಿ ಬಂದ. ಹಿತ್ತಾಳೆ ತಾಟಿನಲ್ಲಿ ಬನ್ನಿ, ಹಿಂದೆ ಊರ ಇಪ್ಪತ್ತು ಮಂದಿ ಹಿರಿಯರು. ಚೂರಿ ಇಲ್ಲ, ಕೊಡಲಿ ಇಲ್ಲ. ನಗುನಗುತ್ತ, "ತಂಗೀ, ಬನ್ನಿ ತೊಗೋವಾ. ಬಂಗಾರದಂಗ ಇರೋಣು," ಎಂದ.

ತೆಗೆದುಕೊಂಡರೆ ಅವನ ಮನೆಯ ಜೊತೆ ರಾಜಿಯಾದಂತೆ, ಅವನ ಅಕ್ಕನ ಮಗನ ವಿರುದ್ಧ ಕೋರ್ಟಿನಲ್ಲಿ ಬಾಯಿ ತೆರೆಯುವಂತಿಲ್ಲ. ಒಲ್ಲೆ ಎಂದರೆ ಬನ್ನಿಗೆ ಅವಮಾನ ಮಾಡಿದವಳು, ನಾಳೆ ನನಗೆ ಏನಾದರೂ ಊರಿನಲ್ಲಿ ಒಬ್ಬನೂ ಅಯ್ಯೋ ಎನ್ನುವುದಿಲ್ಲ. ಇಪ್ಪತ್ತು ಮಂದಿ ನನ್ನ ಕೈಗಳನ್ನೇ ನೋಡುತ್ತಿದ್ದರು. ನನ್ನ ಕೈ ತಾನೇ ಮುಂದೆ ಹೋಗುತ್ತಿತ್ತು.

ಚಪ್ಪಲಿ ಇಲ್ಲದ ಕಾಲಿನಲ್ಲಿ ಆತ ಸಪ್ಪಳವಿಲ್ಲದೆ ಮುಂದೆ ಬಂದ. ಬಡಿಗೆಯನ್ನು ಗೋಡೆಗೆ ಆನಿಸಿದ. ನಮ್ಮ ಕಡೆ ಮನೆಯಲ್ಲಿ ಹಿರಿಯ ಗಂಡಸಿದ್ದರೆ ಹೊರಗಿನ ಬನ್ನಿ ಮೊದಲು ಅವನ ಕೈಗೆ ಹೋಗಬೇಕು. ನಮ್ಮಪ್ಪ ತೀರಿಕೊಂಡಿದ್ದ.

"ಈ ಮನಿ ಬನ್ನಿ ಇವತ್ತ ನನ್ನ ಕೈಗೆ ಕೊಡ್ರಿ ಧಣೇರ," ಎಂದು ಎರಡೂ ಬೊಗಸೆಯಲ್ಲಿ ತಾಟಿನ ಎಲೆಯನ್ನೆಲ್ಲ ತುಂಬಿಕೊಂಡ. ನನಗೆಂದು ಒಂದೆಲೆಯನ್ನೂ ಉಳಿಸಲಿಲ್ಲ, ಬನ್ನಿಯ ಕಟ್ಟು ತೆಗೆದುಕೊಂಡ ಕೈಗೆ ಮಾತ್ರ. "ತೊಗೊಂಡು ಬಂಗಾರದಂಗ ಇರೋಣ್ರಿ," ಎಂದು ಅದರಲ್ಲೇ ಒಂದು ಹಿಡಿ ತಿರುಗಿ ಕೊಟ್ಟ.

ಧಣಿ ಬರಿದಾದ ತಾಟು ನೋಡಿದ. ಆಮೇಲೆ ಲೆಕ್ಕ ತಿಳಿದು ಮೀಸೆಯಲ್ಲೇ ನಕ್ಕ. "ಇನ್ನ ನನ್ನ ಮ್ಯಾಲ ನೀ ಕೈ ಎತ್ತಾಂಗಿಲ್ಲಲೇ ಪೈಲವಾನ."

"ಎತ್ತಾಂಗಿಲ್ರಿ. ನಿಮ್ಮ ಮನ್ಯಾಗಿನ ಯಾರ ಮ್ಯಾಲೂ ಎತ್ತಾಂಗಿಲ್ಲ."

ಅವರು ಹೋದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಯಾರ ಹಂಗಿಗೂ ಬೀಳದವನು ನನ್ನ ವೈರಿಯ ಹಂಗಿಗೇ ಬೀಳಬೇಕೆ? ಬಾಯಿಗೆ ಬಂದದ್ದನ್ನು ಅಂದೆ. "ಕೈ ಎತ್ತದಾಂವ ಇನ್ನ ಇದ್ದೂ ಯಾತಕ್ಕ ಕಾಕಾ? ನಾಳೆ ಮಾವಗ ಹೇಳಿ ಬ್ಯಾರೆಯವರನ್ನ ಕರಸ್ತೀನಿ."

"ಕರಸ್ರಿ," ಎಂದ. "ಅವರು ಬರೂ ತನಕ ನಾ ಇರ್ತೀನಿ. ಕೈ ಎತ್ತೂದೊಂದ ಕೆಲಸ ಅಲ್ರಿ ಇದು."

ಬೇರೆ ಯಾರೂ ಬರಲಿಲ್ಲ. ಧಣಿಯ ಹೆಸರು ಕೇಳಿ ಬರುವ ಧೈರ್ಯ ಯಾರಿಗೂ ಇರಲಿಲ್ಲ.

ಕೋರ್ಟಿನ ತಾರೀಖಿನ ಹಿಂದಿನ ದಿನ ನಾವು ಹೊರಟೆವು. ಎಲ್ಲರೂ ನರೇಗಲ್ಲ, ಗದಗಿನ ಮೇಲೆ ಧಾರವಾಡಕ್ಕೆ ಹೋಗುವವರು. ಆತ ರೋಣ, ನರಗುಂದದ ಸುತ್ತು ಹಾದಿ ಹಿಡಿಸಿದ. ಈ ಹಾದಿ ಯಾರಿಗೂ ಗೊತ್ತಾಗಬಾರದು ಎಂದು ಮೂರು ಸಲ ಹೇಳಿದ್ದ. ನಾನು ಯಾರಿಗೂ ಹೇಳಿರಲಿಲ್ಲ. ರಜೆಯ ಅರ್ಜಿಯಲ್ಲಿ ಮಾತ್ರ ಬರೆದಿದ್ದೆ. ಸಾಕ್ಷಿ ಹೇಳುವ ಸಲುವಾಗಿ ನರಗುಂದ ಮಾರ್ಗವಾಗಿ ಧಾರವಾಡಕ್ಕೆ ಹೋಗಬೇಕಾಗಿರುವುದರಿಂದ, ಎಂದು ದುಂಡು ಅಕ್ಷರದಲ್ಲಿ. ಅರ್ಜಿಯಲ್ಲಿ ಖರೆ ಬರೆಯಬೇಕೆಂದು ಕಲಿತವಳು, ಕಲಿಸಿದವಳು. ಆ ಅರ್ಜಿ ಜಿನ್ನಿಗೆ ಹೋಗಿ ಬಂದಿತೆಂದು ಆಮೇಲೆ ಗೊತ್ತಾಯಿತು. ನನ್ನ ದಡ್ಡತನಕ್ಕೆ ಬೇರೆ ಹೆಸರಿಲ್ಲ.

ನರಗುಂದದಲ್ಲಿ ಬಿಸಿಲು ಏರಿತ್ತು. ಧಾರವಾಡದ ಬಸ್ಸಿನಲ್ಲಿ ನಾನು ಬಾಗಿಲ ಹತ್ತಿರದ ಸೀಟಿನಲ್ಲಿ ಕೂತೆ. ಆತ ಕೆಳಗೆ ಬಾಗಿಲಿಗೆ ನಿಂತಿದ್ದ. ಡ್ರೈವರ ಮುಂದೆ ಹೋಗಿ ಹ್ಯಾಂಡಲ್ ಹಾಕಿ ತಿರುವುತ್ತಿದ್ದ, ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಗುಡ್ಡದ ಕಡೆಯ ಹಾದಿಯಿಂದ ಒಂದು ಜೀಪು ಬಂದು ನಿಂತಿತು. ಧಣಿ ತಾನೇ ಇಳಿದ. ಜೊತೆಗೆ ಬಡಿಗೆ ಹಿಡಿದ ಮೂವರು ಆಳುಗಳು. ಅವನು ಆಳುಗಳನ್ನಷ್ಟೇ ಕಳಿಸಿದ್ದರೆ ಆತ ಅವರು ಯಾರ ಮನೆಯವರೆಂದು ಕೇಳದೆ ಮಲಗಿಸಿಬಿಡುತ್ತಿದ್ದನೋ ಏನೋ. ಅದಕ್ಕೇ ಧಣಿ ಮುಖ ತೋರಿಸಲು ಬಂದಿದ್ದ.

"ಬಾಜೂ ಸರಿಯಲೇ, ಪೈಲವಾನ. ಬನ್ನಿ ನೆಪ್ಪೈತಲ್ಲ?"

"ನೆಪ್ಪೈತ್ರಿ."

ಆತ ಬಡಿಗೆಯನ್ನು ನೆಲಕ್ಕೆ ಹಾಕಿದ. ಅವನಿಗೆ ಹೆದರಿಕೆಯಾಯಿತೆಂದು ನಾನು ತಿಳಿದೆ. ಆತ ಬಸ್ಸಿನ ಮೆಟ್ಟಿಲು ಹತ್ತಿ ನನ್ನ ಕಡೆ ಮುಖ ಮಾಡಿ ನಿಂತ. ಬಾಗಿಲ ಎರಡೂ ಬದಿಯ ಕಂಬಿಗಳನ್ನು ಎರಡು ಕೈಯಲ್ಲಿ ಹಿಡಿದ. ಬಾಗಿಲು ತುಂಬಿಹೋಯಿತು. ಬೆನ್ನು ಅವರ ಕಡೆಗಿತ್ತು.

ಬಡಿಗೆಗಳು ಬಿದ್ದವು. ಆ ಸಪ್ಪಳವನ್ನು ನಾನು ಬರೆಯಲಾರೆ. ನನಗೆ ಕಾಣುತ್ತಿದ್ದದ್ದು ಆತನ ಮುಖ ಮಾತ್ರ. ನನ್ನ ಮುಖಕ್ಕೆ ಗೇಣು ದೂರ. ನಾಲ್ಕು ತಿಂಗಳಲ್ಲಿ ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿರಲಿಲ್ಲ. ಒಂದೊಂದು ಏಟಿಗೂ ಕಣ್ಣು ಮುಚ್ಚಿ ತೆರೆಯುತ್ತಿತ್ತು, ಹಲ್ಲು ಕಚ್ಚಿತ್ತು, ಕಂಬಿ ಹಿಡಿದ ಬೆರಳು ಬಿಡಲಿಲ್ಲ. ಬಲಗೈಯಲ್ಲಿ ಏನೋ ಮುರಿದದ್ದು ಕೇಳಿಸಿತು. ಆ ಕೈ ಜಾರಿತು, ಮೊಣಕೈಯನ್ನೇ ಕಂಬಿಗೆ ಸಿಗಿಸಿಕೊಂಡ. ಬಸ್ಸಿನಲ್ಲಿದ್ದ ಮಂದಿ ಕಿಟಕಿಯಾಚೆ ನೋಡುತ್ತಿದ್ದರು.

ಎಂಜಿನ್ ಹಿಡಿಯಿತು. ಡ್ರೈವರ ಓಡಿ ಬಂದು ಕೂತ. ಕಂಡಕ್ಟರ ಗಂಟೆಯ ಹಗ್ಗ ಹಿಡಿದು ಎಳೆಯದೆ ನಿಂತಿದ್ದ.

"ಹಗ್ಗ ಎಳೀರಿ ಅಕ್ಕೋರ," ಎಂದ ಆತ. ಬಾಯಲ್ಲಿ ರಕ್ತ ಬಂದಿತ್ತು.

"ನೀವು ಒಳಗ ಬರ್ರಿ ಮೊದಲ."

"ನಾ ಒಳಗ ಬಂದ್ರ ಅವರೂ ಬರತಾರ. ಎಳೀರಿ."

ನಾನು ಕಂಡಕ್ಟರನ ಕೈಯಿಂದ ಹಗ್ಗ ಕಸಿದು ಎಳೆದೆ. ಬಸ್ಸು ಹಾರಿ ಹೊರಟಿತು. ಆತ ಹತ್ತು ಮಾರು ಬಾಗಿಲಲ್ಲೇ ಜೋತು ಬಂದ, ಅವರು ಹಿಂದೆ ಉಳಿದರೆಂದು ಖಾತ್ರಿಯಾದ ಮೇಲೆ ಕೈ ಬಿಟ್ಟ. ಹಿಂದಿನ ಗಾಜಿನಲ್ಲಿ ಧೂಳು ಬಿಟ್ಟರೆ ನನಗೇನೂ ಕಾಣಿಸಲಿಲ್ಲ.

ಮರುದಿನ ಕೋರ್ಟಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಕೊಡಲಿ ಹಿಡಿದವನಿಗೆ ಶಿಕ್ಷೆಯಾಯಿತು. ವಾರ ಬಿಟ್ಟು ನರಗುಂದದ ದವಾಖಾನೆಗೆ ಹೋದರೆ ಆತ ಇರಲಿಲ್ಲ. ಬಸ್ಸಿನಿಂದ ತಾನೇ ಬಿದ್ದೆನೆಂದು ಬರೆಸಿ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಹೋಗಿದ್ದ. ಬನ್ನಿ ಕೊಟ್ಟವರ ಮೇಲೆ ಫಿರ್ಯಾದಿ ಕೊಡುವುದೂ ಕೈ ಎತ್ತಿದಂತೆಯೇ. ಪುರ್ತಗೇರಿಗೆ ಹೋದೆ. ಹೊಸ್ತಿಲ ಹೊರಗೆ ನಿಂತೇ ಮಾತಾಡಿಸಿದ. "ಕೆಲಸ ಮುಗೀತಲ್ರಿ ಅಕ್ಕೋರ. ಇನ್ನ ನೀವು ಹೊಳ್ಳಿ ನೋಡಾಕ ಅಡ್ಡಿ ಇಲ್ಲ," ಎಂದ. ನಗಿಸಲು ಹೇಳಿದ್ದಿರಬೇಕು.

ಆತನ ಉದ್ಯೋಗ ಅಲ್ಲಿಗೆ ಮುಗಿಯಿತು. ಬಡಿಗೆ ಕೆಳಗೆ ಹಾಕಿ ಬಡಿಸಿಕೊಂಡ ಪೈಲವಾನ ಎಂದು ಗದಗ, ರೋಣ, ನರಗುಂದ ಮೂರೂ ಪೇಟೆಗಳಲ್ಲಿ ಆಡಿಕೊಂಡು ನಕ್ಕರು. ಅಂಥವನನ್ನು ಬೆನ್ನಿಗೆ ಇಟ್ಟುಕೊಳ್ಳುವವರಾರು? ಯಾಕೆ ಹಾಗೆ ಮಾಡಿದನೆಂದು ಕೇಳಿದವರಿಗೆಲ್ಲ ನಾನು ಹೇಳಿದೆ. ಕೇಳದವರೇ ಹೆಚ್ಚಿದ್ದರು. ಬನ್ನಿ ಮುರಿದ ಧಣಿಯನ್ನು ಎರವು ಮಾಡುವ ಧೈರ್ಯವೂ ಊರಿಗಿರಲಿಲ್ಲ.

ಮುಂದೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸಾಲೆಯ ಕೆಲಸಕ್ಕೆ ರೋಣಕ್ಕೆ ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರ ಜೋಳದ ಚೀಲಗಳ ಪಕ್ಕ ಆತ ಕೂತದ್ದು ಕಂಡೆ. ಗೋಡೆಗೆ ಬೆನ್ನು ಹಚ್ಚಿ, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಚೀಲ ಕಾಯುತ್ತಿದ್ದ. ನಾನು ಪಕ್ಕದಲ್ಲಿ ಕೂತೆ. ರಜೆಯ ಅರ್ಜಿಯ ಸಂಗತಿಯನ್ನು ಅವತ್ತು ಒಪ್ಪಿಕೊಂಡೆ.

"ಗೊತ್ತಿತ್ರಿ," ಎಂದ. "ಸಾಲಿ ಕಲಿಸೂರು ಸುಳ್ಳ ಬರಿಯೂದಿಲ್ಲ. ಅರ್ಜ್ಯಾಗ ಹಾದಿ ಬರೀಬ್ಯಾಡ್ರಿ ಅಂತ ನಾನ ಮೊದಲ ಹೇಳಬೇಕಾಗಿತ್ತು."

ಮತ್ತೊಂದು ವಿಷಯವನ್ನೂ ಕೇಳಬೇಕಿತ್ತು. ಪ್ರತಿ ದಸರೆಗೂ ಆತ ಗಜೇಂದ್ರಗಡಕ್ಕೆ ಬಂದು ಜಿನ್ನಿನ ಧಣಿಯ ಮನೆಗೆ ಬನ್ನಿ ಕೊಟ್ಟು ಹೋಗುತ್ತಾನೆಂದು ಕೇಳಿದ್ದೆ. ನಮ್ಮ ಓಣಿಯ ತುದಿಯಲ್ಲೇ ಹಾಯ್ದು ಹೋಗುತ್ತಿದ್ದ. ಕೈ ಮುರಿಸಿದವನ ಮನೆಗೆ ಹೋಗುವವನು ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ಕೇಳಿಯೇಬಿಟ್ಟೆ.

ಆತ ಚೀಲದ ಮೇಲಿನ ಕಾಳು ಹೆಕ್ಕಿದ. "ಅವರು ನನಗ ಬನ್ನಿ ಕೊಟ್ಟಾರಲ್ರಿ. ಇಷ್ಟೂ ಊರಾಗ ನನಗ ಬನ್ನಿ ಕೊಟ್ಟ ಮನಿ ಅದೊಂದ. ನೀವು ಕೊಟ್ಟಿಲ್ಲಲ್ರಿ, ಅಕ್ಕೋರ. ಕೊಡದವರ ಮನಿಗೆ ಹ್ಯಾಂಗ ಬರ್ಲಿ?"

ದೂರುವ ದನಿಯಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ. ನನಗೆ ಆ ಸಂಜೆ ಪೂರಾ ನೆನಪಾಯಿತು. ಕಂಕುಳ ಕೂಸಿಗೂ ಎಲೆ ಕೊಟ್ಟಿದ್ದೆ. ಬೆನ್ನ ಹಿಂದೆ ಐದು ಹೆಜ್ಜೆ ದೂರದಲ್ಲಿ ನಿಂತವನು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಹೊಳ್ಳಿ ನೋಡಬೇಡವೆಂದು ಆತ ಹೇಳಿದ್ದನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಪಾಲಿಸಿದ್ದೆ. ಬಸ್ಸಿನಲ್ಲಿ ಗಜೇಂದ್ರಗಡದ ತನಕ ಸೆರಗಿನಿಂದ ಮುಖ ಮುಚ್ಚಿಕೊಂಡು ಬಂದೆ.

ಆ ವರ್ಷದ ದಸರೆಗೆ ಮಧ್ಯಾಹ್ನದಿಂದಲೇ ಓಣಿಯ ತುದಿಗೆ ಬನ್ನಿ ಹಿಡಿದು ನಿಂತೆ. ನೋಡಿದವರು ನಕ್ಕರು, ನಗಲಿ. ಚಪ್ಪಲಿಯ ಸಪ್ಪಳ ಮೊದಲು ಕೇಳಿತು, ಆಮೇಲೆ ಆತ ಕಂಡ. ಹಾದಿಯಲ್ಲಿ, ಎಲ್ಲರೆದುರಿಗೆ, ಗಟ್ಟಿಯಾಗಿ "ಕಾಕಾ" ಎಂದು ಕರೆದೆ. ಆತ ಮೊದಲು ತನ್ನ ಹಿಂದೆ ನೋಡಿದ, ಬೇರೆ ಯಾರನ್ನೋ ಕರೆದಿರಬೇಕೆಂದು.

ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಆತನ ಬಲಗೈ ಮೇಲೆ ಬರುತ್ತಿರಲಿಲ್ಲ. ಎಡಗೈಯಿಂದ ಅದನ್ನು ಎತ್ತಿ, ಎರಡೂ ಕೂಡಿಸಿ ಬೊಗಸೆ ಮಾಡಿ ತೆಗೆದುಕೊಂಡ. "ಬಂಗಾರದಂಗ ಇರೋಣ್ರಿ," ಎಂದ.

ಮನೆಗೆ ಬಂದ. ಅವ್ವ ಹೋಳಿಗೆಯ ತಾಟು ಇಟ್ಟಳು. ಆತ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಉಳಿದದ್ದನ್ನು ಅರಿವೆಯಲ್ಲಿ ಕಟ್ಟಿಕೊಂಡ. "ಮಂದಿ ಮುಂದ ಉಣ್ಣೂ ರೂಢಿ ತಪ್ಪೇತ್ರಿ ಯವ್ವಾ. ಮನ್ಯಾಗ ಉಣ್ಣತೀನಿ." ಅವ್ವ ಮತ್ತೆ ಎರಡು ಹೋಳಿಗೆ ಸೇರಿಸಿದಳು.

ಬಸ್ಸಿಗೆ ಕಳಿಸಲು ನಾನೂ ಹೊರಟೆ. ಜೊತೆಗೇ ನಡೀರಿ ಎಂದರೆ ಹೂಂ ಎಂದ. ಆದರೆ ನಾಲ್ಕು ಹೆಜ್ಜೆಗೆ ಕಾಲುಗಳು ತಾವೇ ಹಿಂದೆ ಬಿದ್ದವು. ನಾನು ನಿಂತರೆ ಆತನೂ ನಿಂತ. ಕೊನೆಗೆ, "ನೀವು ಮುಂದ ಹೋಗ್ರಿ," ಎಂದೆ. ಬಹಳ ಹೊತ್ತು ಒಪ್ಪಲಿಲ್ಲ, ಆಮೇಲೆ ನಡೆದ.

ನಾನು ಐದು ಹೆಜ್ಜೆ ಬಿಟ್ಟು ಹಿಂದೆ ನಡೆದೆ. ಆತನ ಬೆನ್ನನ್ನು ನಾನು ನೋಡಿದ್ದು ಅಂದೇ ಮೊದಲು. ಬಲಗಡೆಯ ಹೆಗಲು ಎಡಗಡೆಗಿಂತ ಕೆಳಗಿತ್ತು. ಅಂಗಿಯ ಕೆಳಗೆ ಒಂದು ಎಲುಬು ಕೂಡಬೇಕಾದಲ್ಲಿ ಕೂಡದೆ ಎದ್ದು ನಿಂತಿತ್ತು. ನನಗೆ ಬೀಳಬೇಕಾದದ್ದೆಲ್ಲ ಅಲ್ಲಿ ಬಿದ್ದಿತ್ತು. ಸಂಜೆಯ ಹಾದಿಯ ತುಂಬ ಬನ್ನಿ ಹಿಡಿದ ಮಂದಿ ಓಡಾಡುತ್ತಿದ್ದರು.

"ಅಕ್ಕೋರ, ಅದೀರೇನು?" ಎಂದ ಆತ, ಮುಖ ಮುಂದೆ ಇಟ್ಟುಕೊಂಡೇ.

"ಹಿಂದ ಅದೀನಿ. ನಡೀರಿ."

ಬಸ್ ಸ್ಟ್ಯಾಂಡಿನ ತನಕ ಆತ ಒಮ್ಮೆಯೂ ಹೊಳ್ಳಿ ನೋಡಲಿಲ್ಲ.